ದಾರಿ ತೋರಬೇಕಾದ ಫಲಕಗಳೇ ದಾರಿ ತಪ್ಪಿಸಿದರೆ?

ಕರಾವಳಿಯ ಯಾವ ಧರ್ಮಕೇಂದ್ರಕ್ಕೆ ಹೋದರೂ ಬೆಂಗಳೂರಿನಲ್ಲಿ ಮಗನೋ ಮಗಳೋ ದುಡಿಯುತ್ತಿರುವ ಕುಟುಂಬಗಳು ಸಿಗುತ್ತವೆ. ಕೆಲವರು ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪೆನಿಗಳಲ್ಲಿ, ಇನ್ನು ಕೆಲವರು ಪೀಣ್ಯದ ಕಾರ್ಖಾನೆಗಳಲ್ಲಿ. ಹಬ್ಬಕ್ಕೆಂದು ಊರಿಗೆ ಬಂದವರು ಅಲ್ಲಿನ ಟ್ರಾಫಿಕ್ ಬಗ್ಗೆ ಹೇಳದೆ ಹಿಂತಿರುಗುವುದಿಲ್ಲ. ಜಾಮ್, ಹೊಂಡ, ಮುಗಿಯದ ಕಾಮಗಾರಿ ಇವೆಲ್ಲ ಪತ್ರಿಕೆಗಳಲ್ಲೂ ಆಗಾಗ ಬರುತ್ತಿರುತ್ತವೆ. ಆದರೆ ರಸ್ತೆ ಬದಿಯಲ್ಲಿ ಮೌನವಾಗಿ ನಿಂತಿರುವ ಸೂಚನಾ ಫಲಕಗಳ ಬಗ್ಗೆ ಚರ್ಚೆ ತೀರ ಕಡಿಮೆ. ಅಲ್ಲಿ ಆಗುವ ತಪ್ಪು ಸಣ್ಣದೆಂದು ತೋರಬಹುದು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಸಣ್ಣದಲ್ಲ. ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ನಾಲ್ಕು ಚುಕ್ಕೆಗಳ ಒಗಟು

2022ರ ಆಗಸ್ಟ್ ತಿಂಗಳಲ್ಲಿ ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಜಂಕ್ಷನ್ ಬಳಿಯ ಒಂದು ಫಲಕದ ಚಿತ್ರ ಟ್ವಿಟರ್‌ನಲ್ಲಿ ಹರಿದಾಡಿತು. ತ್ರಿಕೋನದೊಳಗೆ ನಾಲ್ಕು ಕಪ್ಪು ಚುಕ್ಕೆಗಳು. ಇದರ ಅರ್ಥವೇನೆಂದು ಪ್ರಯಾಣಿಕರೊಬ್ಬರು ಕೇಳಿದ್ದರು. ವೈಟ್‌ಫೀಲ್ಡ್ ಸಂಚಾರ ಪೊಲೀಸರು ಉತ್ತರ ನೀಡಿದರು: ಇದು ಎಚ್ಚರಿಕೆಯ ಫಲಕ, ಅಂಧರು ರಸ್ತೆಯಲ್ಲಿ ಇರುವ ಸಾಧ್ಯತೆಯನ್ನು ತಿಳಿಸುತ್ತದೆ, ಜಂಕ್ಷನ್‌ನಲ್ಲಿ ಅಂಧರ ಶಾಲೆಯಿದೆ. ಈ ಉತ್ತರ ಓದಿದ ಅನೇಕರು ತಾವು ಇಂತಹ ಚಿಹ್ನೆಯನ್ನು ಕೇಳಿಯೇ ಇರಲಿಲ್ಲ ಎಂದರು. ಲೈಸೆನ್ಸ್ ಇದ್ದು ವರ್ಷಗಟ್ಟಲೆ ವಾಹನ ಓಡಿಸುತ್ತಿದ್ದವರೂ ಅವರಲ್ಲಿದ್ದರು.

ಆ ಫಲಕವನ್ನು ತಪ್ಪು ಎನ್ನುವಂತಿಲ್ಲ. ಪೊಲೀಸರ ಉದ್ದೇಶವೂ ಒಳ್ಳೆಯದೇ. ಆದರೆ ಕಣ್ಣಿಲ್ಲದವರನ್ನು ಕಾಯಬೇಕಾದ ಫಲಕವನ್ನು ಕಣ್ಣಿದ್ದವರು ಓದಲಾರದೆ ಹೋದರು ಎಂಬುದು ಗಂಭೀರ ಸಂಗತಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಚಾಲಕ ನಾಲ್ಕು ಸೆಕೆಂಡು 'ಇದೇನಿರಬಹುದು' ಎಂದು ಯೋಚಿಸಿದರೆ 60 ಮೀಟರ್ ದಾಟಿ ಹೋಗಿರುತ್ತಾನೆ. ಅಷ್ಟರೊಳಗೆ ಬಿಳಿ ಕೋಲು ಹಿಡಿದ ಮಗುವೊಂದು ರಸ್ತೆಗೆ ಇಳಿದಿರಬಹುದು. 'ಅಂಧರ ಶಾಲೆ ಇದೆ, ನಿಧಾನ' ಎಂದು ಕೆಳಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದ ಒಂದು ಪೂರಕ ಫಲಕ ಇದ್ದಿದ್ದರೆ ಒಗಟು ಒಗಟಾಗಿ ಉಳಿಯುತ್ತಿರಲಿಲ್ಲ.

ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 'ಐ.ಆರ್.ಸಿ. 67' ಎಂಬ ಸಂಹಿತೆಯನ್ನು ಬಹಳ ಹಿಂದೆಯೇ ರೂಪಿಸಿದೆ. 2012ರಲ್ಲಿ ಮತ್ತು 2022ರಲ್ಲಿ ಅದು ಪರಿಷ್ಕರಣೆಗೊಂಡಿದೆ. ವೃತ್ತಾಕಾರದ ಫಲಕ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ ಎಂಬುದು ಅದರ ಮೂಲ ಲೆಕ್ಕಾಚಾರ. ತಿರುವು ಬರುವ ಮೊದಲೇ ಮುನ್ಸೂಚನೆ, ತಿರುವಿನಲ್ಲಿ ದಿಕ್ಕು, ತಿರುವು ದಾಟಿದ ಮೇಲೆ 'ನೀವು ಸರಿಯಾದ ದಾರಿಯಲ್ಲಿದ್ದೀರಿ' ಎಂಬ ಭರವಸೆ, ಹೀಗೆ ಒಂದರ ನಂತರ ಒಂದು ಫಲಕ ಇರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಹೊಸಬನಿಗೆ ದಾರಿ ತಪ್ಪುತ್ತದೆ.

48 ಎಂದರೆ ಯಾವ ರಸ್ತೆ?

ಕರಾವಳಿಯವರಿಗೆ ಇನ್ನಷ್ಟು ಹತ್ತಿರದ ಉದಾಹರಣೆಯೊಂದಿದೆ. ಮಂಗಳೂರಿನಿಂದ ಶಿರಾಡಿ ಘಾಟಿ, ಹಾಸನ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರಸ್ತೆ ದಶಕಗಳ ಕಾಲ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು. ಪೀಣ್ಯವನ್ನು ಹಾದುಹೋಗುವ ತುಮಕೂರು ರಸ್ತೆ 4, ಎಲೆಕ್ಟ್ರಾನಿಕ್ ಸಿಟಿಯ ಹೊಸೂರು ರಸ್ತೆ 7, ನಮ್ಮ ಕರಾವಳಿಯ ಹೆದ್ದಾರಿ 17. 2010ರಲ್ಲಿ ಕೇಂದ್ರ ಸರಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ನೀಡಿತು. ಉತ್ತರ-ದಕ್ಷಿಣ ಹೆದ್ದಾರಿಗಳಿಗೆ ಸಮ ಸಂಖ್ಯೆ, ಪೂರ್ವ-ಪಶ್ಚಿಮ ಹೆದ್ದಾರಿಗಳಿಗೆ ಬೆಸ ಸಂಖ್ಯೆ ಎಂಬ ಕ್ರಮ ಅದು. ಕ್ರಮ ಚೆನ್ನಾಗಿಯೇ ಇದೆ. ಅದರಂತೆ 17 ಹೋಗಿ 66 ಆಯಿತು, ಹೊಸೂರು ರಸ್ತೆ 44 ಆಯಿತು, ಮಂಗಳೂರು ರಸ್ತೆ 75 ಆಯಿತು.

ಹಾಗಾದರೆ ಹಳೆಯ 48 ಎಲ್ಲಿ ಹೋಯಿತು? ಆ ಸಂಖ್ಯೆ ದೆಹಲಿಯಿಂದ ಮುಂಬೈ, ಬೆಂಗಳೂರು ಮೂಲಕ ಚೆನ್ನೈಗೆ ಹೋಗುವ ಹೆದ್ದಾರಿಯ ಪಾಲಾಯಿತು. ಅಂದರೆ ಈಗ ತುಮಕೂರು ರಸ್ತೆಯೇ 48. ಈ ಎರಡು ಹೆದ್ದಾರಿಗಳು ಬೇರೆಯಾಗುವುದು ನೆಲಮಂಗಲದಲ್ಲಿ. ಬೆಂಗಳೂರಿನಿಂದ ಊರಿಗೆ ಹೊರಟ ಹಿರಿಯರೊಬ್ಬರು '48 ಅಂದರೆ ನಮ್ಮ ರಸ್ತೆ' ಎಂಬ ಹಳೆಯ ನೆನಪಿನಲ್ಲಿ ಫಲಕ ನೋಡಿ ಹೋದರೆ ತುಮಕೂರಿನ ಕಡೆ ಸಾಗುತ್ತಾರೆ. ಸಂಖ್ಯೆ ಬದಲಾದಾಗ ಹಳೆಯ ಫಲಕ, ಹಳೆಯ ಮೈಲಿಗಲ್ಲುಗಳನ್ನು ಒಂದೂ ಬಿಡದೆ ತೆಗೆಯಬೇಕು, ಹೊಸ ಸಂಖ್ಯೆಯ ಜೊತೆ ಊರಿನ ಹೆಸರನ್ನೂ ದೊಡ್ಡದಾಗಿ ಬರೆಯಬೇಕು. ಇಲ್ಲದಿದ್ದರೆ ಹಳೆಯ ಫಲಕವೂ ಹೊಸ ಫಲಕವೂ ತಮ್ಮ ತಮ್ಮ ಕಾಲಕ್ಕೆ ಸರಿಯಾಗಿಯೇ ಇದ್ದು, ಎರಡೂ ಸೇರಿ ಪ್ರಯಾಣಿಕನನ್ನು ಗೊಂದಲಕ್ಕೆ ನೂಕುತ್ತವೆ.

ಮೇಲ್ಸೇತುವೆಯ ಪಾಠ

ಅದೇ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ನೋಡಿ. ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡುಬಂದ ಕಾರಣ 2021ರ ಡಿಸೆಂಬರ್ ಕೊನೆಯಲ್ಲಿ ಅದನ್ನು ಮುಚ್ಚಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆಯಲಾಯಿತು. ಲಾರಿ, ಬಸ್ಸುಗಳಿಗೆ ಅವಕಾಶ ಸಿಕ್ಕಿದ್ದು 2024ರ ಜುಲೈ ಕೊನೆಯಲ್ಲಿ. ಅದೂ ದುರಸ್ತಿಗಾಗಿ ಶುಕ್ರವಾರ ಬಿಟ್ಟು. ಸುಮಾರು ಎರಡೂವರೆ ವರ್ಷ ಕರಾವಳಿಯ ರಾತ್ರಿ ಬಸ್ಸುಗಳೂ ಗುಜರಾತ್, ಮಹಾರಾಷ್ಟ್ರದ ಲಾರಿಗಳೂ ಕೆಳಗಿನ ರಸ್ತೆಯಲ್ಲೇ ಹೋಗಬೇಕಾಯಿತು.

ಇಂತಹ ಸಂದರ್ಭದಲ್ಲಿ ಫಲಕದ ಕೆಲಸ ಎಷ್ಟು ದೊಡ್ಡದೆಂದು ಊಹಿಸಿ. ಲಾರಿ ಚಾಲಕನಿಗೆ ಸೇತುವೆ ಏರುವ ಜಾಗದಲ್ಲೇ 'ಭಾರಿ ವಾಹನ ನಿಷೇಧ' ಎಂದರೆ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಅವನು ಆ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತಾನೆ; ಹಿಂದೆ ತೆಗೆಯಲು ಹೋದರೆ ಅಪಘಾತ, ಮುಂದೆ ಹೋದರೆ ದಂಡ. ಒಂದು ಕಿಲೋಮೀಟರ್ ಮೊದಲೇ, ಆಮೇಲೆ ಅರ್ಧ ಕಿಲೋಮೀಟರಿನಲ್ಲಿ, ಆಮೇಲೆ ಸೇತುವೆಯ ಬುಡದಲ್ಲಿ, ಹೀಗೆ ಮೂರು ಬಾರಿ ಹೇಳಬೇಕು. ಕನ್ನಡ ಓದಲು ಬಾರದ ಚಾಲಕನಿಗೂ ತಿಳಿಯುವಂತೆ ಲಾರಿಯ ಚಿತ್ರ ಇರಬೇಕು. ರಾತ್ರಿ ಹೆಡ್‌ಲೈಟ್ ಬಿದ್ದಾಗ ಹೊಳೆಯಬೇಕು. ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ 2010ರಲ್ಲಿ ತೆರೆದ ಸುಮಾರು 10 ಕಿ.ಮೀ. ಉದ್ದದ ಎತ್ತರದ ರಸ್ತೆಗೂ ಇದೇ ಮಾತು ಅನ್ವಯಿಸುತ್ತದೆ. ಒಮ್ಮೆ ಮೇಲೇರಿದರೆ ಬೇಕೆಂದಲ್ಲಿ ಇಳಿಯಲಾಗುವುದಿಲ್ಲ. ಏರಬೇಕೋ ಕೆಳಗೇ ಉಳಿಯಬೇಕೋ ಎಂಬುದನ್ನು ಮೊದಲೇ ತಿಳಿಸದ ಫಲಕ ಇದ್ದೂ ಇಲ್ಲದಂತೆ.

ಹೆಸರಿನಲ್ಲೂ ಎಡವಟ್ಟು

ಭಾಷೆಯ ವಿಷಯಕ್ಕೆ ಬರೋಣ. 2024ರಲ್ಲಿ ಕೊಡಗಿನ ಒಂದು ರಸ್ತೆ ಫಲಕ ದೇಶದಾದ್ಯಂತ ನಗೆಗೆ ಕಾರಣವಾಯಿತು. ಕನ್ನಡದಲ್ಲಿ 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಒಳ್ಳೆಯ ಮಾತು; ಅದರ ಇಂಗ್ಲಿಷ್ ರೂಪ 'ಅರ್ಜೆಂಟ್ ಮೇಕ್ ಆನ್ ಆಕ್ಸಿಡೆಂಟ್'. ತುರ್ತಾಗಿ ಅಪಘಾತ ಮಾಡಿ ಎಂದು ಸರಕಾರಿ ಫಲಕವೇ ಕೇಳಿಕೊಂಡಂತಾಯಿತು! ನಕ್ಕು ಮರೆಯಬಹುದು. ಆದರೆ ಬರೆದವರು, ಬರೆಸಿದವರು, ಬಿಲ್ ಪಾಸು ಮಾಡಿದವರು ಯಾರೂ ಅದನ್ನು ಓದಿ ನೋಡಲಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ.

ಪೀಣ್ಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಅಲ್ಲಿ ಇಂಗ್ಲಿಷಿನಲ್ಲಿ 'ಸ್ಟೇಜ್' ಎಂದು ಕರೆಯುವ ಭಾಗಗಳಿವೆ, 'ಫೇಸ್' ಎಂದು ಕರೆಯುವ ಕೈಗಾರಿಕಾ ಭಾಗಗಳೂ ಇವೆ. ಎರಡನ್ನೂ ಕನ್ನಡಕ್ಕೆ ತಂದರೆ 'ಹಂತ' ಎಂದೇ ಆಗುತ್ತದೆ. ಕೈಗಾರಿಕಾ ಪ್ರದೇಶದ 2ನೇ ಫೇಸ್ ಹುಡುಕುತ್ತಿರುವವನಿಗೆ ಬರೇ '2ನೇ ಹಂತ' ಎಂಬ ಫಲಕ ಸಾಕಾಗದು. ಮೆಟ್ರೋದಲ್ಲಿ ಬಂದರೂ 'ಪೀಣ್ಯ' ಮತ್ತು 'ಪೀಣ್ಯ ಕೈಗಾರಿಕಾ ಪ್ರದೇಶ' ಎಂಬ ಎರಡು ಬೇರೆ ಬೇರೆ ನಿಲ್ದಾಣಗಳು. ಮೊದಲ ದಿನ ಕೆಲಸಕ್ಕೆ ಹೊರಟ ಹುಡುಗಿ ಅರ್ಧ ಗಂಟೆ ಅಲೆದರೆ ಸಂಬಳಕ್ಕೆ ಕತ್ತರಿ ಬೀಳಬಹುದು. ಕಾರ್ಖಾನೆಗೆ ಬೆಂಕಿ ಬಿದ್ದು ಅಗ್ನಿಶಾಮಕ ವಾಹನ ಅರ್ಧ ಗಂಟೆ ಅಲೆದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಒಂದೇ ಊರು ಒಂದು ಫಲಕದಲ್ಲಿ ಮಾರತಹಳ್ಳಿ, ಇನ್ನೊಂದರಲ್ಲಿ ಮಾರತ್ತಹಳ್ಳಿ, ಮತ್ತೊಂದರಲ್ಲಿ ಮಾರತ್‌ಹಳ್ಳಿ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಒಯ್ದು, ಅಲ್ಲಿಂದ ಮತ್ತೆ ಕನ್ನಡಕ್ಕೆ ತರುವುದರ ಫಲವಿದು. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕೆಂಬುದನ್ನು ಮರೆತು ಇಂಗ್ಲಿಷ್ ಅಕ್ಷರದ ಅಳತೆಗೆ ಕನ್ನಡವನ್ನು ಇಕ್ಕಟ್ಟಾಗಿ ತುಂಬಿದರೆ ಅದು ದೂರದಿಂದ ಕಪ್ಪು ಮಚ್ಚೆಯಂತೆ ಕಾಣುತ್ತದೆ. ಅಂಗಡಿ-ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದು ಸ್ವಾಗತಾರ್ಹ. ಸರಕಾರ ತಾನೇ ನೆಡುವ ಫಲಕದಲ್ಲಿ ಕನ್ನಡ ಓದುವಂತಿರಬೇಕು ಎಂಬುದೂ ಅಷ್ಟೇ ಮುಖ್ಯ.

ಹೊಣೆ ಯಾರದು?

ಹೊಸೂರು ರಸ್ತೆ ಮತ್ತು ತುಮಕೂರು ರಸ್ತೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಎಲೆಕ್ಟ್ರಾನಿಕ್ ಸಿಟಿಯೊಳಗೆ 2013ರಿಂದ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಉಳಿದ ಕಡೆ ಬಿಬಿಎಂಪಿ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಮೆಟ್ರೋ ಕಾಮಗಾರಿ ಇರುವಲ್ಲಿ ಮೆಟ್ರೋ ನಿಗಮದ ಬದಲಿ ಮಾರ್ಗದ ಫಲಕಗಳು. ಇವೆಲ್ಲದರ ನಡುವೆ ಸಂಚಾರ ಪೊಲೀಸರ ಫಲಕಗಳು ಬೇರೆ. ಒಂದು ಕಂಬದ ಫಲಕ ತಪ್ಪಾಗಿದ್ದರೆ ಯಾರಿಗೆ ದೂರಬೇಕೆಂದು ವಿದ್ಯಾವಂತರಿಗೂ ತಿಳಿಯುವುದಿಲ್ಲ. ಎಲ್ಲರದ್ದೂ ಆದದ್ದು ಕೊನೆಗೆ ಯಾರದ್ದೂ ಅಲ್ಲ.

ಕಾನೂನು ಏನನ್ನುತ್ತದೆ? ಕಡ್ಡಾಯ ಫಲಕವನ್ನು ಪಾಲಿಸುವುದು ಚಾಲಕನ ಕರ್ತವ್ಯವೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ, ತಪ್ಪಿದವನಿಗೆ ದಂಡ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ 198-ಎ ಕಲಮನ್ನು 2019ರ ತಿದ್ದುಪಡಿ ಸೇರಿಸಿತು. ನ್ಯಾಯಾಲಯ ಪರಿಗಣಿಸಬೇಕಾದ ಅಂಶಗಳಲ್ಲಿ ಅಲ್ಲಿ ಯಾವ ಎಚ್ಚರಿಕೆ ಫಲಕ ಇತ್ತು ಎಂಬುದೂ ಸೇರಿದೆ. ಆದರೆ ಚಾಲಕನ ದಂಡ ಕೂಡಲೇ ಬೀಳುತ್ತದೆ; ಅಧಿಕಾರಿಯ ಹೊಣೆಗಾರಿಕೆ ಒಂದು ಜೀವ ಹೋದ ಮೇಲಷ್ಟೇ ಚರ್ಚೆಗೆ ಬರುತ್ತದೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವೆಲ್ಲ ಫಲಕದ ದೋಷದಿಂದ ಆದವು ಎಂದು ಯಾರೂ ಹೇಳಲಾರರು. ಆದರೆ ಇಷ್ಟು ಸಾವಿನ ನಡುವೆ ಸುಲಭವಾಗಿ ಸರಿಪಡಿಸಬಹುದಾದದ್ದನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಮೊಬೈಲಿನಲ್ಲಿ ಮ್ಯಾಪ್ ಇರುವಾಗ ಫಲಕ ಯಾಕೆ ಎಂದು ಯುವಕರು ಕೇಳಬಹುದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಮ್ಯಾಪ್ ನಂಬಿ ಹೋದ ಕಾರೊಂದು ಅಪೂರ್ಣ ಸೇತುವೆಯಿಂದ ರಾಮಗಂಗಾ ನದಿಪಾತ್ರಕ್ಕೆ ಬಿದ್ದು ಮೂವರು ಸತ್ತರು. ಸೇತುವೆಯ ಮುಂದೆ ಸರಿಯಾದ ತಡೆಯಾಗಲಿ ಎಚ್ಚರಿಕೆಯಾಗಲಿ ಇರಲಿಲ್ಲವೆಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೂ ಪ್ರಕರಣ ದಾಖಲಾಯಿತು. ಮುಂದಿನ ರಸ್ತೆಯಲ್ಲಿ ಇಂದು ಏನಿದೆ ಎಂಬುದನ್ನು ಹೇಳಬೇಕಾದದ್ದು ಆ ರಸ್ತೆಯೇ.

ನಾವು ಏನು ಮಾಡಬಹುದು?

ಫಲಕ ನೆಡುವವನಿಗೆ ಆ ದಾರಿ ಗೊತ್ತಿರುತ್ತದೆ. ಆದ್ದರಿಂದಲೇ ತಪ್ಪು ಅವನ ಕಣ್ಣಿಗೆ ಬೀಳುವುದಿಲ್ಲ. ಫಲಕ ಇರುವುದು ದಾರಿ ಗೊತ್ತಿಲ್ಲದ ಪರವೂರಿನವನಿಗೆ. ಹಾಗಾಗಿ ಯಾವುದೇ ಹೊಸ ಫಲಕವನ್ನು ಆ ರಸ್ತೆಯ ಪರಿಚಯವಿಲ್ಲದವರು ಹಗಲಿನಲ್ಲೊಮ್ಮೆ, ರಾತ್ರಿ ಮಳೆಯಲ್ಲೊಮ್ಮೆ ಓದಿ ನೋಡಿದ ಮೇಲಷ್ಟೇ ಬಿಲ್ ಪಾವತಿಯಾಗಬೇಕು. ಪ್ರತಿ ಫಲಕದ ಹಿಂಬದಿಯಲ್ಲಿ ಅದನ್ನು ನೆಟ್ಟ ಇಲಾಖೆಯ ಹೆಸರು, ವರ್ಷ, ದೂರು ನೀಡಬೇಕಾದ ಫೋನ್ ಸಂಖ್ಯೆ ಇರಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಯುವಜನರು ದಿನವೂ ಹಾದುಹೋಗುವ ದಾರಿಯಲ್ಲಿ ತಪ್ಪು ಫಲಕ ಕಂಡರೆ ಫೋಟೋ ತೆಗೆದು, ಸ್ಥಳ ಮತ್ತು ದಿನಾಂಕ ನಮೂದಿಸಿ ಸಂಚಾರ ಪೊಲೀಸರಿಗೆ ಕಳುಹಿಸಲಿ. ಹೋಪ್ ಫಾರ್ಮ್‌ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಬ್ಬರು ಕೇಳಿದ್ದರಿಂದ ಎಂಬುದನ್ನು ನೆನಪಿಡೋಣ. ಊರಿನಲ್ಲಿರುವವರಿಗೂ ಕೆಲಸವಿದೆ. ಹೆದ್ದಾರಿ 66ರ ಬದಿಯಲ್ಲಿ ತಿರುವಿನ ಫಲಕದ ಮೇಲೆ ಜಾತ್ರೆ, ಚುನಾವಣೆ, ಕ್ರೀಡಾಕೂಟಗಳ ಫ್ಲೆಕ್ಸ್ ಕಟ್ಟುವ ಅಭ್ಯಾಸವಿದೆ. ಚರ್ಚುಗಳ ವಾರ್ಷಿಕ ಹಬ್ಬದ ಫ್ಲೆಕ್ಸ್‌ಗಳೂ ಇದಕ್ಕೆ ಹೊರತಲ್ಲ. ವಾಳೆಯ ಗುರಿಕಾರರು ಮತ್ತು ಯುವ ಸಂಘಟನೆಗಳು ಈ ಬಾರಿಯ ಹಬ್ಬದ ತಯಾರಿಯಲ್ಲಿ ಇದನ್ನು ಗಮನಿಸಲಿ. ಶ್ರಮದಾನದ ದಿನ ಫಲಕಗಳನ್ನು ಮುಚ್ಚಿರುವ ಗಿಡಗಂಟಿಗಳನ್ನೂ ಸವರಲಿ.

ನಮ್ಮ ಊರಿನ ಫಲಕವನ್ನು ಓದುವ ಪರವೂರಿನವನೂ, ಬೆಂಗಳೂರಿನ ಫಲಕವನ್ನು ಓದುವ ನಮ್ಮ ಮಕ್ಕಳೂ ಸುರಕ್ಷಿತವಾಗಿ ಮನೆ ಸೇರಲಿ ಎಂದು ಹಾರೈಸುತ್ತೇವೆ.