ಎರಡು ನುಡಿಯ ನಾಡು, ಒಂದು ನುಡಿಯ ಇತಿಹಾಸ

ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ದೂರದ ದೇಶಗಳ ಇತಿಹಾಸವನ್ನು ಪರೀಕ್ಷೆಗಾಗಿ ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ನಾನು ಕೇಂದ್ರ ಪಠ್ಯಕ್ರಮದ ಹತ್ತನೆಯ ತರಗತಿಯ ರಾಜ್ಯಶಾಸ್ತ್ರದ ಪುಸ್ತಕವನ್ನು ಓದಿದೆ. ನಮ್ಮಲ್ಲಿ ಅನೇಕರು ಅದನ್ನು ಓದಿಯೇ ಇರುತ್ತಾರೆ. ಅಧಿಕಾರ ಹಂಚಿಕೆಯ ಪಾಠದಲ್ಲಿ ಬೆಲ್ಜಿಯಂ ಮತ್ತು ಶ್ರೀಲಂಕಾಗಳ ಕಥೆ ಬರುತ್ತದೆ. ಶ್ರೀಲಂಕಾ ಭಾಷೆಯ ಹೆಸರಿನಲ್ಲಿ ಹೊತ್ತಿ ಉರಿಯಿತು. ಬೆಲ್ಜಿಯಂ 1970ರಿಂದ 1993ರ ಒಳಗೆ ಸಂವಿಧಾನವನ್ನು ನಾಲ್ಕು ಸಲ ತಿದ್ದಿಕೊಂಡು ನೆಮ್ಮದಿಯಾಗಿ ಬಾಳಿತು ಎಂಬುದು ಅದರ ಸಾರ. ನಾನೂ ಇದನ್ನು ಬಾಯಿಪಾಠ ಮಾಡಿ, ಉತ್ತರ ಪತ್ರಿಕೆಯಲ್ಲಿ ಬರೆದು, ಅಂಕಗಳನ್ನು ಪಡೆದೆ. ಅನಂತರ ಕುತೂಹಲದಿಂದ ಆ ದೇಶದ ಯುದ್ಧೋತ್ತರ ಇತಿಹಾಸವನ್ನು ಸ್ವಲ್ಪ ಸ್ವಲ್ಪವಾಗಿ ಓದತೊಡಗಿದಾಗ ಬೆಟ್ಟ ನುಣ್ಣಗಿಲ್ಲವೆಂಬುದು ತಿಳಿಯಿತು. ಎರಡು ಭಾಷೆಗಳ ದೇಶವೊಂದರ ಇತಿಹಾಸವನ್ನು ಸಂಶೋಧಿಸುವವನು ಎಂಥ ತೊಡಕುಗಳನ್ನು ಎದುರಿಸಬೇಕಾಗುತ್ತದೆ ಎಂಬುದೂ ಸ್ವಲ್ಪ ಮಟ್ಟಿಗೆ ಹೊಳೆಯಿತು. ಅದನ್ನೇ ಇಲ್ಲಿ ನಿವೇದಿಸಲು ಯತ್ನಿಸಿದ್ದೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕು.

ಮೊದಲು ಅಂಕಿಗಳ ಮಾತು. ಬೆಲ್ಜಿಯಂ ಜನರಲ್ಲಿ ಶೇಕಡ 59 ಮಂದಿ ಡಚ್ಚರು, 40 ಮಂದಿ ಫ್ರೆಂಚರು, ಉಳಿದ ಒಬ್ಬ ಜರ್ಮನ್ ನುಡಿಯವನು ಎಂದು ನಾವು ಕಲಿಯುತ್ತೇವೆ. ಕೂಡಿಸಿದರೆ ಸರಿಯಾಗಿ ನೂರು. ಆದರೆ ಈ ಲೆಕ್ಕವನ್ನು ಎಣಿಸಿದವರು ಯಾರು? ಅಲ್ಲಿ ಭಾಷೆಯನ್ನು ಕೇಳಿ ಬರೆದುಕೊಂಡ ಕೊನೆಯ ಜನಗಣತಿ 1947ರದು. ಅದರ ಫಲಿತಾಂಶ ಹೊರಬಂದದ್ದು 1954ರಲ್ಲಿ. ಅಷ್ಟು ವರ್ಷ ಅದನ್ನು ಏಕೆ ತಡೆಹಿಡಿದರು? ಆ ಅಂಕಿಗಳ ಮೇಲೆಯೇ ಒಂದೊಂದು ಊರಿನ ಆಡಳಿತ ಭಾಷೆ ನಿರ್ಧಾರವಾಗಬೇಕಾಗಿತ್ತು. ಗಣತಿಯವರ ಮುಂದೆ ಜನ ತಾವು ಮನೆಯಲ್ಲಿ ಆಡುವ ನುಡಿಯನ್ನು ಹೇಳಿದರೋ, ತಮ್ಮ ಮಕ್ಕಳಿಗೆ ಮಾನ ತರುವ ನುಡಿಯನ್ನು ಹೇಳಿದರೋ ಎಂಬ ವಿವಾದ ಎದ್ದಿತು. ಫ್ರೆಂಚ್ ಬಲ್ಲವನಿಗೆ ಉದ್ಯೋಗ, ಗೌರವ, ಕಚೇರಿಯ ಬಾಗಿಲು ಎಲ್ಲವೂ ಸುಲಭವಾಗಿದ್ದ ದೇಶದಲ್ಲಿ ಬಡ ಫ್ಲೆಮಿಶನೊಬ್ಬ ತನ್ನದು ಫ್ರೆಂಚ್ ಎಂದರೆ ಅದು ಸುಳ್ಳೋ ಆಸೆಯೋ ಹೇಳುವುದು ಕಷ್ಟ. ಕೊನೆಗೆ 1961ರಲ್ಲಿ ಭಾಷಾಗಣತಿಯನ್ನೇ ಕಾನೂನಿನ ಮೂಲಕ ರದ್ದುಮಾಡಿದರು. 1962 ಮತ್ತು 1963ರ ಶಾಸನಗಳಿಂದ ದೇಶದ ನಡುವೆ ಭಾಷಾ ಗಡಿಯೊಂದನ್ನು ಶಾಶ್ವತವಾಗಿ ಎಳೆದರು. ಅಂದಿನಿಂದ ನಾವು ಓದುವ ಅಂಕಿಗಳು ಜನರನ್ನು ಕೇಳಿ ಬರೆದವಲ್ಲ. ಯಾವ ಪ್ರದೇಶದಲ್ಲಿ ಎಷ್ಟು ಜನರಿದ್ದಾರೆಂಬುದರಿಂದ ಅಂದಾಜು ಮಾಡಿದವು. ಇತಿಹಾಸ ಬರೆಯುವವನಿಗೆ ಅಂಕಿ ಆಧಾರವೆಂದು ನಾವು ತಿಳಿದಿದ್ದೇವೆ. ಇಲ್ಲಿಯಾದರೋ ಅಂಕಿಯೇ ಜಗಳದಲ್ಲಿ ಒಂದು ಪಕ್ಷವಾಗಿತ್ತು.

ಇನ್ನು ರಾಜನ ಪ್ರಶ್ನೆ. 1940ರ ಮೇ 28ರಂದು ಮೂರನೆಯ ಲಿಯೊಪೋಲ್ಡ್ ಜರ್ಮನರಿಗೆ ಶರಣಾಗಿ ದೇಶದಲ್ಲಿಯೇ ಉಳಿದ. ಮಂತ್ರಿಗಳು ಲಂಡನ್ನಿಗೆ ಹೋಗಿ ಯುದ್ಧವನ್ನು ಮುಂದುವರಿಸಿದರು. ಯುದ್ಧ ಮುಗಿದ ಮೇಲೆ ರಾಜ ಮರಳಿ ಸಿಂಹಾಸನವೇರಬಹುದೇ ಎಂಬ ಪ್ರಶ್ನೆ ಐದು ವರ್ಷ ದೇಶವನ್ನು ಕಾಡಿತು. 1950ರ ಮಾರ್ಚ್ 12ರಂದು ಜನಮತಗಣನೆ ನಡೆಯಿತು. ಒಟ್ಟಾರೆ ಶೇಕಡ 57ಕ್ಕೂ ಹೆಚ್ಚು ಜನ ರಾಜ ಬರಲಿ ಎಂದರು. ಬಿಡಿಸಿ ನೋಡಿದರೆ ಫ್ಲಾಂಡರ್ಸ್‌ನಲ್ಲಿ ಶೇಕಡ 72, ವಲೋನಿಯಾದಲ್ಲಿ 42, ಬ್ರಸೆಲ್ಸ್‌ನಲ್ಲಿ 48. ಜುಲೈನಲ್ಲಿ ರಾಜ ಹಿಂದಿರುಗಿದಾಗ ವಲೋನಿಯಾದ ಗಣಿಗಳೂ ಕಾರ್ಖಾನೆಗಳೂ ನಿಂತುಹೋದವು. ಲಿಯೇಜ್ ಬಳಿಯ ಗ್ರಾಸ್-ಬೆರ್ಲರ್ ಎಂಬಲ್ಲಿ ಜುಲೈ 30ರಂದು ಗೋಲಿಬಾರ್ ನಡೆದು ನಾಲ್ವರು ಪ್ರಾಣ ಕಳೆದುಕೊಂಡರು. ಒಂದೆರಡು ದಿನಗಳಲ್ಲಿಯೇ ರಾಜ ಅಧಿಕಾರವನ್ನು ಮಗನಿಗೆ ಒಪ್ಪಿಸಲು ಸಮ್ಮತಿಸಿದ. 1951ರ ಜುಲೈನಲ್ಲಿ ಪದತ್ಯಾಗ ಮಾಡಿದ.

ಈ ಒಂದೇ ಘಟನೆಯನ್ನು ಎರಡು ಕಡೆಯವರು ಎರಡು ಬಗೆಯಾಗಿ ನೆನೆಯುತ್ತಾರೆ. ಮತ ಎಣಿಸಿ ಗೆದ್ದೆವು, ಬೀದಿಗಿಳಿದವರು ನಮ್ಮ ಗೆಲುವನ್ನು ಕಸಿದುಕೊಂಡರು ಎಂಬುದು ಅನೇಕ ಫ್ಲೆಮಿಶರ ಕೊರಗು. ಶತ್ರುವಿಗೆ ತಲೆಬಾಗಿದ ರಾಜನನ್ನು ನಮ್ಮ ಮೇಲೆ ಹೇರಲು ಬಂದರು, ಪ್ರಾಣಕೊಟ್ಟು ತಡೆದೆವು ಎಂಬುದು ಅನೇಕ ವಲೋನರ ಹೆಮ್ಮೆ. ಒಂದೇ ನುಡಿಯ ಪತ್ರಿಕೆಗಳನ್ನು ಓದಿದವನು ಒಂದೇ ಭಾವವನ್ನು ಹೊತ್ತು ಹೊರಬರುತ್ತಾನೆ. ಎರಡನ್ನೂ ಓದಿದರೂ ಸಾಲದು. ವಲೋನಿಯಾದಲ್ಲಿಯೇ ಇರುವ ನಾಮೂರ್ ಮತ್ತು ಲಕ್ಸೆಂಬರ್ಗ್ ಪ್ರಾಂತ್ಯಗಳಲ್ಲಿ ಬಹುಮತ ರಾಜನ ಪರವಾಗಿಯೇ ಬಿದ್ದಿತ್ತು! ಚರ್ಚಿಗೆ ನಡೆದುಕೊಳ್ಳುವ ಹಳ್ಳಿಗಾಡು ಒಂದು ಕಡೆ, ಕಾರ್ಮಿಕ ಸಂಘಗಳ ಗಣಿನಾಡು ಇನ್ನೊಂದು ಕಡೆ. ಹಾಗಾದರೆ ಇದು ಭಾಷೆಯ ಜಗಳವೋ, ಧರ್ಮದ್ದೋ, ಹೊಟ್ಟೆಪಾಡಿನದೋ? ಭಾಷೆ ಎಂಬ ಒಂದೇ ಬೀಗದ ಕೈಯಿಂದ ಎಲ್ಲ ಬಾಗಿಲುಗಳನ್ನೂ ತೆರೆಯಹೋಗುವವನು ಇಲ್ಲಿ ಸೋಲುತ್ತಾನೆ.

ಯುದ್ಧಕಾಲದಲ್ಲಿ ಜರ್ಮನರೊಡನೆ ಸಹಕರಿಸಿದವರ ವಿಚಾರಣೆಯ ಕಥೆಯೂ ಹೀಗೆಯೇ. ನಾಲ್ಕು ಲಕ್ಷಕ್ಕೂ ಮೀರಿ ಕಡತಗಳು ತೆರೆದವು; 242 ಮಂದಿಗೆ ಮರಣದಂಡನೆ ಜಾರಿಯಾಯಿತು. ಇದೆಲ್ಲ ಫ್ಲೆಮಿಶ್ ಚಳವಳಿಯನ್ನು ತುಳಿಯಲು ಹೂಡಿದ ಉಪಾಯ ಎಂಬ ನಂಬಿಕೆ ಫ್ಲಾಂಡರ್ಸ್‌ನ ಮನೆಮನೆಗಳಲ್ಲಿ ಬೇರೂರಿತು. ವಲೋನಿಯಾದಲ್ಲಿ ಉಳಿದದ್ದು ಪ್ರತಿರೋಧದ ವೀರರ ನೆನಪು. ಹಿಟ್ಲರನ ಸೇನೆಗೆ ವಲೋನರ ಪಡೆಯನ್ನು ಕೂಡಿಸಿದ ಲಿಯೋಂ ಡೆಗ್ರೆಲ್ ಫ್ರೆಂಚ್ ನುಡಿಯವನೇ ಎಂಬುದು ಆ ನೆನಪಿನ ಅಂಚಿಗೆ ಸರಿಯಿತು. 1991ರಲ್ಲಿ ಲ್ಯೂಕ್ ಹಾಯ್ಸ ಮತ್ತು ಸ್ಟೀವನ್ ಡೊಂಟ್ ಎಂಬ ಸಂಶೋಧಕರು ಕಡತಗಳನ್ನು ಎಣಿಸಿ ತೂಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಡಚ್ ಹೆಸರನ್ನು ‘ಅರಗದ ಗತಕಾಲ’ ಎಂದು ಕನ್ನಡಿಸಬಹುದು. ಫ್ಲೆಮಿಶರನ್ನೇ ಗುರಿಯಿಟ್ಟು ದಂಡಿಸಿದರೆಂಬ ನಂಬಿಕೆಗೆ ಕಡತಗಳ ಬೆಂಬಲ ಅಷ್ಟಾಗಿ ಇಲ್ಲವೆಂದು ಅವರು ತೋರಿಸಿದರು. ನನಗೆ ಇಲ್ಲಿ ಬಹಳ ಹಿಡಿಸಿದ್ದು ಇದು: ಫ್ಲಾಂಡರ್ಸ್‌ನವರ ಕಟ್ಟುಕಥೆಯನ್ನು ಪರೀಕ್ಷೆಗೆ ಒಡ್ಡಿದವರು ಫ್ಲೆಮಿಶ್ ವಿದ್ವಾಂಸರೇ, ಅದೂ ಡಚ್ ಭಾಷೆಯಲ್ಲಿಯೇ. ಎದುರು ಪಕ್ಷದವನು ಹೇಳಿದ್ದರೆ ಅದು ಇನ್ನೊಂದು ಬೈಗುಳವಾಗುತ್ತಿತ್ತು.

ಲೂವೆನ್ ವಿಶ್ವವಿದ್ಯಾನಿಲಯದ ಕಥೆಯನ್ನು ಓದುವಾಗ ಮಾತ್ರ ನನ್ನ ಮನಸ್ಸು ತಟಸ್ಥವಾಗಿ ಉಳಿಯಲಿಲ್ಲ. 1425ರಲ್ಲಿ ಸ್ಥಾಪನೆಯಾದ ಆ ವಿದ್ಯಾಪೀಠ ಡಚ್ ನುಡಿಯ ಊರಿನಲ್ಲಿದೆ. ಅಲ್ಲಿ ಫ್ರೆಂಚ್ ವಿಭಾಗವೂ ಇತ್ತು. ವಲೋನರು ಹೊರಗೆ ಹೋಗಲಿ ಎಂದು ಫ್ಲೆಮಿಶ್ ವಿದ್ಯಾರ್ಥಿಗಳು ಬೀದಿಗಿಳಿದರು. 1968ರ ಫೆಬ್ರವರಿಯಲ್ಲಿ ಸರಕಾರವೇ ಉರುಳಿತು. ವಿಶ್ವವಿದ್ಯಾನಿಲಯ ಇಬ್ಭಾಗವಾಯಿತು, ಫ್ರೆಂಚ್ ವಿಭಾಗಕ್ಕಾಗಿ ಲೂವೆಂ-ಲಾ-ನವ್ ಎಂಬ ಹೊಸ ಊರನ್ನೇ ಕಟ್ಟಿದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೊದಲ ವರ್ಷದಲ್ಲಿ ಇಂಗ್ಲಿಷಿನಲ್ಲಿ ಪಾಠ ನಡೆದಾಗ ತಲೆತಗ್ಗಿಸಿ ಕುಳಿತ ದಿನಗಳು ನನಗೆ ನೆನಪಿವೆ. 1930ರಲ್ಲಿ ಗೆಂಟ್ ವಿಶ್ವವಿದ್ಯಾನಿಲಯ ಪೂರ್ಣ ಡಚ್ಚಾಗುವವರೆಗೆ ಆ ದೇಶದ ಬಹುಸಂಖ್ಯಾತರ ನುಡಿಗೆ ತನ್ನದೇ ಎನ್ನಬಹುದಾದ ಒಂದು ವಿಶ್ವವಿದ್ಯಾನಿಲಯವೂ ಇರಲಿಲ್ಲ ಎಂದು ಓದಿದಾಗ ಆ ಯುವಕರ ಕೂಗು ನನ್ನದೇ ಕೂಗಿನಂತೆ ಕೇಳಿಸಿತು.

ಆದರೆ ಮುಂದೆ ಓದಿದೆ. ಭಾಗವಾಗುವಾಗ ಗ್ರಂಥಾಲಯವನ್ನೂ ಹಂಚಿಕೊಳ್ಳಬೇಕಾಯಿತು. 1914ರಲ್ಲಿ ಒಮ್ಮೆ, 1940ರಲ್ಲಿ ಇನ್ನೊಮ್ಮೆ ಯುದ್ಧದ ಬೆಂಕಿಗೆ ಆಹುತಿಯಾಗಿ ಮತ್ತೆ ತಲೆಯೆತ್ತಿದ್ದ ಗ್ರಂಥಾಲಯವದು. ಪುಸ್ತಕಗಳ ಕ್ರಮಸಂಖ್ಯೆ ನೋಡಿ, ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿದರು! ಅಣ್ಣತಮ್ಮಂದಿರು ಪಾಲಾಗುವಾಗ ತಾಮ್ರದ ಹಂಡೆಯನ್ನು ಹಂಚಿಕೊಂಡದ್ದನ್ನು ನಾವು ಕಂಡಿದ್ದೇವೆ. ಹಂಡೆಯಾದರೆ ಹೋಗಲಿ; ಪುಸ್ತಕಗಳನ್ನು ಹೀಗೆ ಹಂಚಿದರೆ ಓದುವವನ ಗತಿಯೇನು? ಆ ಯುವಕರ ಬೇಡಿಕೆ ನ್ಯಾಯವಾದುದೆಂದು ನಾನು ಈಗಲೂ ನಂಬುತ್ತೇನೆ. ಅದರ ಜೊತೆಗೆ, ಅಲ್ಲಿಯೇ ಹುಟ್ಟಿ ಬೆಳೆದ ಫ್ರೆಂಚ್ ಪ್ರಾಧ್ಯಾಪಕನೊಬ್ಬ ಅದನ್ನು ಗಡೀಪಾರು ಎಂದು ಕರೆದರೆ ಅವನ ನೋವನ್ನೂ ಅದೇ ಪುಟದಲ್ಲಿ ಬರೆಯುವುದು ಇತಿಹಾಸಕಾರನ ಕರ್ತವ್ಯವೆಂದು ತಿಳಿಯುತ್ತೇನೆ. ನನ್ನ ಮನಸ್ಸು ಒಂದು ಕಡೆಗೆ ವಾಲಿದ ಕಾರಣದಿಂದಲೇ ಇನ್ನೊಂದು ಕಡೆಯನ್ನು ನಾನು ಹೆಚ್ಚು ಎಚ್ಚರದಿಂದ ಓದಬೇಕು.

ಎರಡು ಕಡೆಯನ್ನೂ ಓದಿದರೆ ಕೆಲಸ ಮುಗಿಯಿತೇ? ಅದೂ ಇಲ್ಲ. 1946ರ ಜೂನ್‌ನಲ್ಲಿ ಬೆಲ್ಜಿಯಂ ಇಟಲಿಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಐವತ್ತು ಸಾವಿರ ಇಟಾಲಿಯನ್ ಕೂಲಿಗಳು ಬೆಲ್ಜಿಯಂನ ಗಣಿಗಳಿಗೆ ಇಳಿಯುವುದು, ಪ್ರತಿಯಾಗಿ ಇಟಲಿಗೆ ಕಲ್ಲಿದ್ದಲು ಹೋಗುವುದು. 1956ರ ಆಗಸ್ಟ್ 8ರಂದು ಮಾರ್ಸಿನೆಲ್ ಎಂಬ ಊರಿನ ಗಣಿಯಲ್ಲಿ ಬೆಂಕಿ ಬಿದ್ದು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಾಲಿಯನ್ನರು. 1964ರಲ್ಲಿ ಮೊರಾಕೊ ಮತ್ತು ಟರ್ಕಿಗಳೊಡನೆಯೂ ಇಂಥ ಒಪ್ಪಂದಗಳಾದವು. ಡಚ್ಚೂ ಅಲ್ಲದ ಫ್ರೆಂಚೂ ಅಲ್ಲದ ನುಡಿಗಳನ್ನಾಡುತ್ತ ಆ ದೇಶದ ಒಲೆಗೆ ಕಲ್ಲಿದ್ದಲು ಅಗೆದ ಈ ಜನರಿಗೆ 59, 40, 1 ಎಂಬ ಲೆಕ್ಕದಲ್ಲಿ ಎಡೆಯೆಲ್ಲಿ? ನೂರಕ್ಕೆ ನೂರು ಮೊದಲೇ ತುಂಬಿಹೋಗಿದೆ!

ಪಾಠದಲ್ಲಿ ಬರುವ ಹೊಂದಾಣಿಕೆಯ ಮಾತನ್ನೂ ಇದರೊಡನೆ ಯೋಚಿಸಬೇಕು. 1960ರ ಡಿಸೆಂಬರಿನಲ್ಲಿ ಸರಕಾರ ಖರ್ಚು ಇಳಿಸಿ ತೆರಿಗೆ ಏರಿಸುವ ಶಾಸನ ತಂದಾಗ ಸುಮಾರು ಐದು ವಾರ ಮಹಾಮುಷ್ಕರ ನಡೆಯಿತು. ಅದರ ಕಾವು ವಲೋನಿಯಾದಲ್ಲಿ ಹೆಚ್ಚಾಗಿತ್ತು. ಕಲ್ಲಿದ್ದಲು ಮುಗಿಯುತ್ತಿದ್ದ ಆ ಸೀಮೆಯ ಕಾರ್ಮಿಕ ನಾಯಕ ಆಂದ್ರೆ ರೆನಾರ್, ನಮ್ಮ ಆರ್ಥಿಕ ಭವಿಷ್ಯ ನಮ್ಮ ಕೈಯಲ್ಲಿರಲಿ, ಸಂಯುಕ್ತ ವ್ಯವಸ್ಥೆ ಬೇಕು ಎಂದ. ಫ್ಲೆಮಿಶರು ಭಾಷೆಗಾಗಿ ಕೇಳಿದ್ದನ್ನು ವಲೋನರು ಅನ್ನಕ್ಕಾಗಿ ಕೇಳಿದರು. ಎರಡು ಬೇಡಿಕೆಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಬಾಗಿಲನ್ನು ತಟ್ಟಿದವು. 1970ರ ತಿದ್ದುಪಡಿಯ ಹಿಂದೆ ನಾಯಕರ ಔದಾರ್ಯಕ್ಕಿಂತ ಹೆಚ್ಚಾಗಿ ಇಂಥ ಇಪ್ಪತ್ತು ವರ್ಷಗಳ ತಾಕಲಾಟವಿತ್ತು. ತಿದ್ದುಪಡಿ ಅಲ್ಲಿಗೆ ನಿಲ್ಲಲೂ ಇಲ್ಲ. 2010ರ ಚುನಾವಣೆಯ ಅನಂತರ 541 ದಿನ ಆ ದೇಶದಲ್ಲಿ ಹೊಸ ಸರಕಾರವೇ ರಚನೆಯಾಗಲಿಲ್ಲ. ಆದರೂ ಅಂತರ್ಯುದ್ಧವಾಗಲಿಲ್ಲ ಎಂಬುದು ದೊಡ್ಡ ಮಾತೇ ಸರಿ. ಆ ಮೆಚ್ಚುಗೆಯನ್ನು ನಾನು ಕಡಮೆ ಮಾಡುವುದಿಲ್ಲ. ಅದಕ್ಕೆ ತೆತ್ತ ಬೆಲೆಯನ್ನೂ ಪಾಠದಲ್ಲಿ ಹೇಳಲಿ ಎನ್ನುತ್ತೇನೆ.

ಡಚ್ಚೂ ಬಾರದ, ಫ್ರೆಂಚೂ ಬಾರದ ನೀನು ಇದನ್ನೆಲ್ಲ ಹೇಗೆ ಹೇಳುತ್ತೀ ಎಂದು ಸಹಪಾಠಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಓದಿದ್ದು ಇಂಗ್ಲಿಷಿನಲ್ಲಿ ದೊರೆತಷ್ಟನ್ನೇ. ಎರಡು ಬಾವಿಗಳ ನೀರನ್ನು ಮೂರನೆಯವರ ಕೊಡದಿಂದ ಕುಡಿದವನು ನಾನು. ಆದ್ದರಿಂದ ಇದು ಸಂಶೋಧನೆಯಲ್ಲ, ಸಂಶೋಧನೆ ಹೇಗಿರಬೇಕೆಂಬ ಬಗ್ಗೆ ಒಬ್ಬ ವಿದ್ಯಾರ್ಥಿಯ ಅಭಿಪ್ರಾಯ ಮಾತ್ರ. 1969ರಲ್ಲಿ, ಲೂವೆನ್ ಒಡೆದ ಮರುವರ್ಷವೇ, ಬೆಲ್ಜಿಯಂ ಇತಿಹಾಸಕಾರರು ಆಧುನಿಕ ಇತಿಹಾಸಕ್ಕಾಗಿ ಒಂದು ಪತ್ರಿಕೆಯನ್ನು ಆರಂಭಿಸಿದರು. ಅದರ ಮುಖಪುಟದ ಮೇಲೆ ಎರಡು ಭಾಷೆಗಳಲ್ಲಿ ಎರಡು ಹೆಸರು. ಒಳಗೆ ಎರಡು ನುಡಿಗಳ ಲೇಖನಗಳು. ರಾಜಕೀಯ ಪಕ್ಷಗಳು ಭಾಷೆಯ ಹೆಸರಿನಲ್ಲಿ ಒಂದೊಂದಾಗಿ ಒಡೆಯುತ್ತಿದ್ದಾಗ ಕೆಲವು ಓದುಗರಾದರೂ ಒಂದೇ ಹೊದಿಕೆಯೊಳಗೆ ಕುಳಿತಿದ್ದರು. ನನಗೆ ಆದರ್ಶವಾಗಿ ತೋರುವುದು ಅದು.

ನಮ್ಮಲ್ಲಿಯೂ ಈ ಪಾಠಕ್ಕೆ ಕೆಲಸವಿದೆ. 1956ರಲ್ಲಿ ಒಂದುಗೂಡಿದ ನಮ್ಮ ನಾಡಿನ ಹಿಂದಿನ ಕಾಗದಗಳು ಕನ್ನಡದಲ್ಲಿ ಮಾತ್ರ ಇಲ್ಲ. ಹೈದರಾಬಾದು ಸಂಸ್ಥಾನದ ಆಡಳಿತ ಉರ್ದುವಿನಲ್ಲಿ ನಡೆಯಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ಇದೆ. ಇವನ್ನು ಓದಬಲ್ಲವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿ? ಕನ್ನಡದ ಮೇಲಿನ ಅಭಿಮಾನಕ್ಕೆ ಉರ್ದು ಕಲಿಯುವುದರಿಂದಾಗಲಿ ಮರಾಠಿ ಕಲಿಯುವುದರಿಂದಾಗಲಿ ಕುಂದು ಬರಲಾರದು. ನಮ್ಮ ಹಳ್ಳಿಯ ಹಿರಿಯರು ಸಂತೆಯ ವ್ಯಾಪಾರಕ್ಕಾಗಿ ಎರಡು ಮೂರು ನುಡಿ ಕಲಿತರು. ಪದವೀಧರರಾಗಲಿರುವ ನಾವು ಸತ್ಯಕ್ಕಾಗಿ ಇನ್ನೊಂದನ್ನು ಕಲಿಯಲಾರೆವೇ? ಈ ರಜೆಯಲ್ಲಿ ನಾನು ಉರ್ದು ಅಕ್ಷರಗಳನ್ನು ತಿದ್ದಲು ನಿಶ್ಚಯಿಸಿದ್ದೇನೆ. ಜೊತೆಗೆ ಕೂಡುವವರಿದ್ದರೆ ಬಹಳ ಸಂತೋಷ.