ಚರ್ಮದ ಡಾಕ್ಟರರ ಬಳಿಗೆ ಹೋದಾಗ

ಚರ್ಮದ ಡಾಕ್ಟರರ ಬಳಿಗೆ ನಾವು ಸಾಮಾನ್ಯವಾಗಿ ಒಂದೇ ಉದ್ದೇಶದಿಂದ ಹೋಗುತ್ತೇವೆ. ತುರಿಕೆ ನಿಲ್ಲಬೇಕು, ಕಲೆ ಮಾಯಬೇಕು. ಕೈಯನ್ನೋ ಕಾಲನ್ನೋ ತೋರಿಸಿ, ಮುಲಾಮಿನ ಚೀಟಿ ಪಡೆದು ಎದ್ದು ಬರುತ್ತೇವೆ. ಆ ಐದು ನಿಮಿಷಗಳಲ್ಲಿ ರಕ್ತದೊತ್ತಡದ ಮಾತಾಗಲಿ, ಸಕ್ಕರೆ ಕಾಯಿಲೆಯ ಮಾತಾಗಲಿ ಬರುವುದೇ ಇಲ್ಲ. ಚರ್ಮಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಖಂಡಿತ ಇದೆ.

ಸೋರಿಯಾಸಿಸ್ ಎಂಬ ಕಾಯಿಲೆಯನ್ನೇ ನೋಡಿ. ಮೊಣಕೈ, ಮೊಣಕಾಲು, ತಲೆಯ ಚರ್ಮದ ಮೇಲೆ ದಪ್ಪ ಮಚ್ಚೆಗಳೆದ್ದು ಬಿಳಿ ಹೊಟ್ಟು ಉದುರುತ್ತದೆ. ಚರ್ಮದ ಮೇಲ್ಪದರ ಹೊಸದಾಗಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಈ ಕಾಯಿಲೆಯಲ್ಲಿ ಆ ಕೆಲಸ ಕೆಲವೇ ದಿನಗಳಲ್ಲಿ ನಡೆದುಬಿಡುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿರುವುದು ಇದಕ್ಕೆ ಕಾರಣ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಹರಡುವುದಿಲ್ಲ. ಹೀಗಿದ್ದೂ ಈ ಕಾಯಿಲೆ ಇರುವ ಹೆಣ್ಣುಮಗಳನ್ನು ಮದುವೆ ಮನೆಯಲ್ಲಿ ದೂರ ಕೂರಿಸುವವರಿದ್ದಾರೆ. ಆ ನೋವಿನಿಂದ ಆಕೆ ಹೊರಗೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ನಡಿಗೆ ಕಡಿಮೆಯಾಗುತ್ತದೆ, ತೂಕ ಏರುತ್ತದೆ, ಮನಸ್ಸು ಕುಗ್ಗುತ್ತದೆ.

ಈ ಉರಿಯೂತ ಚರ್ಮದಲ್ಲೇ ನಿಲ್ಲುವುದಿಲ್ಲ. ಸೋರಿಯಾಸಿಸ್ ಇರುವ ಹತ್ತು ಮಂದಿಯಲ್ಲಿ ಮೂವರವರೆಗೆ ಕೀಲುಗಳಿಗೂ ತಗಲುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಹೃದ್ರೋಗ, ಖಿನ್ನತೆ ಇವರಲ್ಲಿ ಇತರರಿಗಿಂತ ಹೆಚ್ಚು. ಆದ್ದರಿಂದಲೇ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ತೀವ್ರ ಸೋರಿಯಾಸಿಸ್ ಇರುವವರ ಹೃದಯ ಮತ್ತು ರಕ್ತನಾಳಗಳ ಅಪಾಯವನ್ನು ಆರಂಭದಲ್ಲೇ ಅಳೆಯಬೇಕು, ಬಳಿಕ ಐದು ವರ್ಷಕ್ಕೊಮ್ಮೆಯಾದರೂ ನೋಡಬೇಕು ಎನ್ನುತ್ತದೆ. ಕೀಲುಗಳ ತಪಾಸಣೆಯಂತೂ ಎಲ್ಲ ಸೋರಿಯಾಸಿಸ್ ರೋಗಿಗಳಿಗೂ ವರ್ಷಕ್ಕೊಮ್ಮೆ ಆಗಬೇಕು.

ಈ ಮಾತು ಮಹಿಳೆಯರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅತ್ತೆಯ ಬಿ.ಪಿ., ಮಾವನ ಶುಗರ್, ಮಕ್ಕಳ ಜ್ವರ ಎಲ್ಲದಕ್ಕೂ ಆಸ್ಪತ್ರೆಗೆ ಓಡುವ ಗೃಹಿಣಿ ತನ್ನ ಬಿ.ಪಿ. ಎಷ್ಟೆಂದು ಹೇಳಬಲ್ಲಳೇ? ಹೆರಿಗೆಯ ನಂತರ ಅದನ್ನು ಅಳೆಯಿಸಿಯೇ ಇರುವುದಿಲ್ಲ. ಆದರೆ ಚರ್ಮದ ಕಾಯಿಲೆ ಕಣ್ಣಿಗೆ ಕಾಣುತ್ತದೆ, ಸುಮ್ಮನಿರಗೊಡುವುದಿಲ್ಲ. ಅದಕ್ಕಾಗಿ ಆಕೆ ಮತ್ತೆ ಮತ್ತೆ ಡಾಕ್ಟರರ ಬಳಿಗೆ ಹೋಗುತ್ತಾಳೆ. ತನಗಾಗಿ ಆಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅದೊಂದೇ ಸಲವಾಗಿರಬಹುದು. ಆ ಅವಕಾಶವನ್ನು ಬರೀ ಮುಲಾಮಿಗೆ ಮುಗಿಸಬಾರದು.

ಸೋರಿಯಾಸಿಸ್ ಇಲ್ಲದವರಿಗೂ ಚರ್ಮ ಕೆಲವು ಸುಳಿವು ಕೊಡುತ್ತದೆ. ಕತ್ತಿನ ಹಿಂಭಾಗ, ಕಂಕುಳ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದರೆ ಅದು ಕೊಳೆ ಎಂದೋ ಸರದ ಕಲೆ ಎಂದೋ ನಿಂಬೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ಎಷ್ಟು ತಿಕ್ಕಿದರೂ ಹೋಗದು. ಹೆಚ್ಚಾಗಿ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಪದೇ ಪದೇ ಕುರು ಏಳುತ್ತಿದ್ದರೆ, ಮಡಿಕೆಗಳಲ್ಲಿ ಬೂಷ್ಟಿನ ಸೋಂಕು ಮರುಕಳಿಸುತ್ತಿದ್ದರೆ ಸಕ್ಕರೆ ಪರೀಕ್ಷಿಸಬೇಕು. ಮುಖದ ಮೇಲೆ ಕೂದಲು ಬೆಳೆದು ಮುಟ್ಟು ಏರುಪೇರಾದರೆ ಪಿ.ಸಿ.ಓ.ಎಸ್. ಇದೆಯೇ ಎಂದು ನೋಡಬೇಕು. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು. ರೆಪ್ಪೆಯ ಮೇಲಿನ ಹಳದಿ ಗಂಟುಗಳು ಕೊಲೆಸ್ಟರಾಲಿನ ಸೂಚನೆ ಆಗಿರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಬಿ.ಪಿ. ಮತ್ತು ತೂಕ ನೋಡಿಸಿಕೊಳ್ಳಿ. ಬಿ.ಪಿ. ಪದೇ ಪದೇ 140/90 ಅಥವಾ ಹೆಚ್ಚಿದ್ದರೆ ಚಿಕಿತ್ಸೆಯ ಬಗ್ಗೆ ಕೇಳಿ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ ವಹಿಸಿ. ತೂಕ ಇಳಿದರೆ ಸೋರಿಯಾಸಿಸ್ ಕೂಡ ತಗ್ಗುವುದುಂಟು. ಬೆಳಗ್ಗೆ ಬೆರಳು ಬಿಗಿಯುವುದು, ಹಿಮ್ಮಡಿ ನೋಯುವುದು ಚರ್ಮಕ್ಕೆ ಸಂಬಂಧಿಸಿದ್ದಲ್ಲ ಎಂದು ಮುಚ್ಚಿಡಬೇಡಿ. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವವರು ಅದನ್ನೂ ಹೇಳಿ. ನಿದ್ದೆ ಬಾರದಿರುವುದು, ಅಳು ಬರುವುದು ಕೂಡ ಡಾಕ್ಟರರಿಗೆ ಹೇಳಬೇಕಾದ ವಿಷಯವೇ.

ಇನ್ನೊಂದು ಮುಖ್ಯ ಸಂಗತಿ. ಗರ್ಭಿಣಿಯಾಗಿದ್ದರೆ, ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್, ಅಸಿಟ್ರೆಟಿನ್ ಮಗುವಿಗೆ ಅಪಾಯಕಾರಿ. ಮೆಡಿಕಲ್ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಸ್ಟಿರಾಯ್ಡ್ ಮಾತ್ರೆಗಳು ಸಕ್ಕರೆ, ಬಿ.ಪಿ. ಎರಡನ್ನೂ ಏರಿಸಬಲ್ಲವು, ಥಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಉಲ್ಬಣಿಸಲೂಬಹುದು.

ಎಲ್ಲ ಪರೀಕ್ಷೆಗೂ ದುಡ್ಡೆಲ್ಲಿಂದ ಎಂಬ ಚಿಂತೆ ಬೇಡ. 30 ವರ್ಷ ದಾಟಿದವರಿಗೆ ಬಿ.ಪಿ. ಮತ್ತು ಸಕ್ಕರೆಯ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಅಲ್ಲಿ ಬರೆದುಕೊಟ್ಟ ಅಂಕಿಗಳನ್ನು ಜೋಪಾನವಾಗಿಟ್ಟು ಮುಂದಿನ ಸಲ ಚರ್ಮದ ಡಾಕ್ಟರರಿಗೆ ತೋರಿಸಿ. ಅವರು ಕೇಳದಿದ್ದರೆ ನೀವೇ ಕೇಳಿ: "ಡಾಕ್ಟ್ರೇ, ಈ ಕಾಯಿಲೆಯ ಜೊತೆಗೆ ನನ್ನ ದೇಹದಲ್ಲಿ ಬೇರೇನನ್ನು ಪರೀಕ್ಷಿಸಬೇಕು?"