ಲೀ ಹೈವೇ ಹೋಯಿತು, ಲೀ ಎಲ್ಲಿಗೆ ಹೋಗಬೇಕು?

ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಬಹಳ ವರ್ಷಗಳಿಂದ ನೆಲೆಸಿರುವ ನಮ್ಮವರನ್ನು ದಾರಿ ಕೇಳಿ ನೋಡಿ. ‘ಲೀ ಹೈವೇ ಹಿಡಿದು ಬನ್ನಿ’ ಎಂದೇ ಇಂದಿಗೂ ಹೇಳುತ್ತಾರೆ. ಆದರೆ 2022ರ ಸೆಪ್ಟೆಂಬರಿನಲ್ಲಿ ಕೌಂಟಿ ಬೋರ್ಡು ಲೀ ಹೈವೇ, ಲೀ-ಜಾಕ್ಸನ್ ಮೆಮೋರಿಯಲ್ ಹೈವೇ ಎಂಬ ಎರಡೂ ಹೆಸರುಗಳನ್ನು ಕೈಬಿಟ್ಟು ಬರೀ ರೂಟ್ 29, ರೂಟ್ 50 ಎಂದು ಕರೆಯಲು ತೀರ್ಮಾನಿಸಿತು. ತೊಗರಿಬೇಳೆ, ಸೋನಾಮಸೂರಿ ತರಲು ಇದೇ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಾಡಿದ ನಾವು, ಈ ಲೀ ಯಾರು, ಜಾಕ್ಸನ್ ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದವರು ನಮ್ಮ ಮಕ್ಕಳು.

ದಕ್ಷಿಣದ 11 ರಾಜ್ಯಗಳು ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಅಮೆರಿಕದಿಂದ ಸಿಡಿದು ಕಾನ್ಫೆಡರೇಟ್ ಸರಕಾರ ಕಟ್ಟಿಕೊಂಡವಲ್ಲ, ರಾಬರ್ಟ್ ಲೀ ಮತ್ತು ಸ್ಟೋನ್‌ವಾಲ್ ಜಾಕ್ಸನ್ ಅದರ ಸೇನಾನಿಗಳು. ‘ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ’ ಎಂಬ ವಾದವನ್ನು ಆಫೀಸಿನ ಊಟದ ಹೊತ್ತಿನಲ್ಲಿ ನಾವೂ ಕೇಳಿದ್ದೇವೆ, ತಲೆಯಾಡಿಸಿಯೂ ಇದ್ದೇವೆ. ಆದರೆ ಆ ಸರಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸವಾನಾದಲ್ಲಿ ಮಾಡಿದ ಭಾಷಣದಲ್ಲಿ ಕಪ್ಪು ಜನ ಬಿಳಿಯರಿಗೆ ಸಮರಲ್ಲ ಎಂಬುದೇ ತಮ್ಮ ಸರಕಾರದ ಮೂಲೆಗಲ್ಲು ಎಂದು ಬಾಯಿಬಿಟ್ಟು ಹೇಳಿದ್ದಾನೆ. ಇದಕ್ಕಿಂತ ಸಾಕ್ಷಿ ಬೇಕೇ?

ನಮಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ. ಯುದ್ಧ ಮುಗಿದದ್ದು 1865ರಲ್ಲಿ. ರಿಚ್‌ಮಂಡಿನಲ್ಲಿ ಲೀ ಪ್ರತಿಮೆ ಎದ್ದದ್ದು 1890ರಲ್ಲಿ, ಶಾರ್ಲಟ್ಸ್‌ವಿಲ್‌ನಲ್ಲಿ 1924ರಲ್ಲಿ. ಕಪ್ಪು ಜನರ ಮತದಾನದ ಹಕ್ಕನ್ನು ಕಾನೂನಿನ ಮೂಲಕವೇ ಕಿತ್ತುಕೊಂಡ ಕಾಲ ಅದು. 1954ರಲ್ಲಿ ಸುಪ್ರೀಂ ಕೋರ್ಟು ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದಿತು. 1956ರಲ್ಲಿ ಜಾರ್ಜಿಯಾ ತನ್ನ ಬಾವುಟದೊಳಗೆ ಕಾನ್ಫೆಡರೇಟ್ ಚಿಹ್ನೆ ಸೇರಿಸಿತು. ವರ್ಜೀನಿಯಾ ಸರಕಾರವಂತೂ 1958ರಲ್ಲಿ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಬದಲು ಕೆಲವು ಶಾಲೆಗಳಿಗೆ ಬೀಗವನ್ನೇ ಜಡಿಯಿತು. ಅದೇ ವರ್ಷ ಫೇರ್‌ಫ್ಯಾಕ್ಸ್‌ನಲ್ಲಿ ಲೀ ಹೈಸ್ಕೂಲು, ಮರುವರ್ಷ ಕಾನ್ಫೆಡರೇಟ್ ಸೇನಾನಿ ಜೆ.ಇ.ಬಿ. ಸ್ಟುವರ್ಟ್ ಹೆಸರಿನ ಹೈಸ್ಕೂಲು ತೆರೆದವು. ಸತ್ತವರನ್ನು ನೆನೆಯುವುದಕ್ಕಾಗಿಯೇ ಇಟ್ಟ ಹೆಸರುಗಳೇ ಇವು? ಬಾಗಿಲಲ್ಲಿ ನಿಂತ ಮಗುವಿಗೆ ‘ಇದು ನಿನ್ನ ಜಾಗವಲ್ಲ’ ಎಂದು ಹೇಳಲು ಇಟ್ಟ ಹೆಸರುಗಳೆಂದೇ ನಮಗನ್ನಿಸುತ್ತದೆ.

ಸ್ಟುವರ್ಟ್ ಶಾಲೆಯ ಹೆಸರು ಬದಲಿಸಿ ಎಂದು 2015ರಲ್ಲಿ ಅರ್ಜಿ ಹಾಕಿದವರಲ್ಲಿ ಅಲ್ಲಿಯೇ ಓದಿದ್ದ ಹಾಲಿವುಡ್ ನಟಿ ಜೂಲಿಯನ್ ಮೂರ್ ಒಬ್ಬರು. 2018ರಲ್ಲಿ ಅದು ಜಸ್ಟಿಸ್ ಹೈಸ್ಕೂಲ್ ಆಯಿತು. 2020ರಲ್ಲಿ ಲೀ ಹೈಸ್ಕೂಲಿಗೆ ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ ಹೆಸರು ಬಂತು.

ಈ ಬದಲಾವಣೆಗಳ ಹಿಂದೆ ರಕ್ತವೂ ಹರಿದಿದೆ. 2015ರ ಜೂನ್ 17ರಂದು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದ. ಆತ ಕಾನ್ಫೆಡರೇಟ್ ಬಾವುಟ ಹಿಡಿದು ತೆಗೆಸಿಕೊಂಡ ಚಿತ್ರಗಳು ಹೊರಬಂದವು. ಅದೇ ಬಾವುಟ ರಾಜ್ಯದ ಶಾಸನಸಭೆಯ ಆವರಣದಲ್ಲಿಯೂ ಹಾರುತ್ತಿತ್ತು! ಜುಲೈ 10ರಂದು ಅದನ್ನು ಇಳಿಸಿದಾಗ ರಾಜ್ಯಪಾಲರಾಗಿದ್ದವರು ಪಂಜಾಬಿನಿಂದ ವಲಸೆ ಬಂದ ಕುಟುಂಬದ ಮಗಳು ನಿಕ್ಕಿ ಹೇಲಿ. ಎರಡು ವರ್ಷದ ನಂತರ, 2017ರ ಆಗಸ್ಟಿನಲ್ಲಿ, ಶಾರ್ಲಟ್ಸ್‌ವಿಲ್‌ನ ಲೀ ಪ್ರತಿಮೆ ಉಳಿಸುತ್ತೇವೆಂದು ಬಂದವರ ಪೈಕಿ ಒಬ್ಬ ಜನರ ಮೇಲೆ ಕಾರು ನುಗ್ಗಿಸಿ 32 ವರ್ಷದ ಯುವತಿಯೊಬ್ಬಳನ್ನು ಬಲಿ ತೆಗೆದುಕೊಂಡ. ನಮ್ಮವರ ಎಷ್ಟೋ ಮಕ್ಕಳು ಓದುವ ಊರು ಅದು. ಆ ರಾತ್ರಿ ಫೋನು ಹಿಡಿದು ಕುಳಿತ ತಂದೆ-ತಾಯಂದಿರು ನಮ್ಮಲ್ಲೂ ಇದ್ದರು.

ಹಾಗಿದ್ದೂ ನಮ್ಮ ಪಾಟ್‌ಲಕ್‌ಗಳಲ್ಲಿ ಈ ಮಾತು ಬಂದಾಗ ‘ನಮಗ್ಯಾಕಪ್ಪಾ ಊರ ಉಸಾಬರಿ’ ಎನ್ನುವವರಿದ್ದಾರೆ. ‘ಪ್ರತಿಮೆ ತೆಗೆದರೆ ಇತಿಹಾಸವನ್ನೇ ಅಳಿಸಿದಂತೆ’ ಎನ್ನುವವರೂ ಇದ್ದಾರೆ. ಎರಡನೆಯ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆ ಯುದ್ಧದಲ್ಲಿ ಮುತ್ತಜ್ಜನನ್ನು ಕಳೆದುಕೊಂಡ ಮನೆಗಳು ನಮ್ಮ ಪಕ್ಕದಲ್ಲೇ ಇವೆ. ಅವರ ಸಮಾಧಿಗಳ ತಂಟೆಗೆ ಯಾರೂ ಹೋಗಬಾರದು. ಆದರೆ ಇತಿಹಾಸ ಇರುವುದು ಪುಸ್ತಕದಲ್ಲಿ, ಮ್ಯೂಸಿಯಂನಲ್ಲಿ. ಕೋರ್ಟಿನ ಮುಂದೆ ಎತ್ತರದ ಕಟ್ಟೆಯ ಮೇಲೆ ಕುದುರೆ ಏರಿ ಕುಳಿತದ್ದು ಗೌರವ. ಸ್ವತಃ ಲೀಯೇ 1869ರಲ್ಲಿ, ಯುದ್ಧದ ಗಾಯಗಳನ್ನು ಕೆದಕುವ ಸ್ಮಾರಕಗಳು ಬೇಡವೆಂಬ ಅರ್ಥದ ಪತ್ರ ಬರೆದಿದ್ದ.

ಹಗ್ಗ ಕಟ್ಟಿ ಎಳೆದು ಬೀಳಿಸುವುದನ್ನು ನಾವು ಒಪ್ಪುವುದಿಲ್ಲ. 2020ರ ಜೂನ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಗುಂಪೊಂದು ಯುಲಿಸಿಸ್ ಗ್ರಾಂಟ್ ಪ್ರತಿಮೆಯನ್ನೇ ಕೆಡವಿತು. ಲೀಯನ್ನು ಸೋಲಿಸಿದವನೇ ಗ್ರಾಂಟ್! ಅದೇ ತಿಂಗಳು ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಯೆದುರಿನ ಗಾಂಧಿ ಪ್ರತಿಮೆಗೂ ಬಣ್ಣ ಎರಚಿದರು. 2018ರಲ್ಲಿ ಘಾನಾ ವಿಶ್ವವಿದ್ಯಾಲಯ ಗಾಂಧಿ ಪ್ರತಿಮೆಯನ್ನು ತೆಗೆಸಿದಾಗಲೂ ನಮಗೆ ನೋವಾಗಿತ್ತು. ಆದರೆ ದಕ್ಷಿಣ ಆಫ್ರಿಕಾದ ಆರಂಭದ ವರ್ಷಗಳಲ್ಲಿ ಗಾಂಧೀಜಿ ಅಲ್ಲಿಯ ಕಪ್ಪು ಜನರ ಬಗ್ಗೆ ಬರೆದದ್ದನ್ನು ಓದಿದರೆ ಆಫ್ರಿಕನ್ನರ ನೋವೂ ಅರ್ಥವಾಗುತ್ತದೆ. ಗಾಂಧಿಯನ್ನು ಲೀಯ ಸಾಲಿನಲ್ಲಿ ನಿಲ್ಲಿಸಲು ನಾವು ತಯಾರಿಲ್ಲ, ಆ ಮಾತು ಬೇರೆ.

ಬೆಂಗಳೂರಿನಲ್ಲಿ ಹೈಕೋರ್ಟಿನ ಆವರಣದಲ್ಲಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಅವರದೇ ಹೆಸರಿನ ಪಾರ್ಕಿನೊಳಗೆ ಸಾಗಿಸಿದರು. ಯಾರೂ ಕಬ್ಬನ್ನರನ್ನು ಮರೆಯಲಿಲ್ಲ. ರಿಚ್‌ಮಂಡಿನಲ್ಲಿ ಪ್ರತಿಭಟನಾಕಾರರು ಉರುಳಿಸಿದ ಕಾನ್ಫೆಡರೇಟ್ ಅಧ್ಯಕ್ಷ ಜೆಫರ್ಸನ್ ಡೇವಿಸ್ ಪ್ರತಿಮೆಯನ್ನು ಬಣ್ಣ ಮೆತ್ತಿದ ಸ್ಥಿತಿಯಲ್ಲೇ, ಮಲಗಿಸಿಯೇ, 2022ರಲ್ಲಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. ಇದು ನಮಗೆ ಹಿಡಿಸಿತು. ಶಾರ್ಲಟ್ಸ್‌ವಿಲ್‌ನವರು ಲೀಯನ್ನು 2021ರಲ್ಲಿ ಕೆಳಗಿಳಿಸಿ 2023ರಲ್ಲಿ ಕರಗಿಸಿಬಿಟ್ಟರು. ಅಷ್ಟು ಬೇಕಿತ್ತೇ ಎಂದು ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ.

ಗಾಳಿ ಈಗ ತಿರುಗಿಯೂ ಬೀಸುತ್ತಿದೆ. 2023ರಲ್ಲಿ ಹೆಸರು ಬದಲಾದ ಒಂಬತ್ತು ಸೇನಾ ನೆಲೆಗಳಿಗೆ 2025ರಲ್ಲಿ ಹಳೆಯ ಹೆಸರುಗಳೇ ಮರಳಿದವು. ಕಾನೂನಿಗೆ ಅಡ್ಡಿಯಾಗದಿರಲೆಂದು ಅದೇ ಅಡ್ಡಹೆಸರಿನ ಬೇರೆ ಸೈನಿಕರನ್ನು ಹುಡುಕಿದರು. ವರ್ಜೀನಿಯಾದ ಫೋರ್ಟ್ ಲೀಗೆ ಸಿಕ್ಕವನು ಫಿಟ್ಜ್ ಲೀ, ಒಬ್ಬ ಕಪ್ಪು ಸೈನಿಕ! ಶೆನಂಡೋವಾ ಕೌಂಟಿಯ ಸ್ಕೂಲ್ ಬೋರ್ಡು 2024ರಲ್ಲಿ ಸ್ಟೋನ್‌ವಾಲ್ ಜಾಕ್ಸನ್ ಹೆಸರನ್ನು ಶಾಲೆಗೆ ವಾಪಸು ತಂದಿತು, ವಿಷಯ ಕೋರ್ಟಿನ ಮೆಟ್ಟಿಲೇರಿತು. ಇವೆಲ್ಲ ತೀರ್ಮಾನವಾಗುವುದು ಸ್ಕೂಲ್ ಬೋರ್ಡಿನ ಸಭೆಗಳಲ್ಲಿ. ಮಕ್ಕಳ ಅಂಕಗಳಿಗಾಗಿ ಶಾಲೆಗೆ ಓಡುವ ನಾವು ಆ ಸಭೆಗಳಲ್ಲಿ ಕಾಣಿಸುವುದು ಅಪರೂಪ.

ಬೇಸಿಗೆಯಲ್ಲಿ ಊರಿನಿಂದ ಅಪ್ಪ-ಅಮ್ಮ ಬಂದರೆ ವಾಷಿಂಗ್ಟನ್ ತೋರಿಸಿದ ಮೇಲೆ ಎರಡು ಗಂಟೆಯ ದಾರಿಯ ರಿಚ್‌ಮಂಡಿಗೂ ಕರೆದೊಯ್ಯಿರಿ. ಮಾನ್ಯುಮೆಂಟ್ ಅವೆನ್ಯೂದಲ್ಲಿ ಈಗ ಲೀ ಇಲ್ಲ, ಕಟ್ಟೆಯೂ ಇಲ್ಲ. ಇರುವುದು 1996ರಲ್ಲಿ ನಿಲ್ಲಿಸಿದ ಟೆನ್ನಿಸ್ ಆಟಗಾರ ಆರ್ಥರ್ ಆಶ್ ಪ್ರತಿಮೆ. ಅದೇ ಊರಿನಲ್ಲಿ ಹುಟ್ಟಿದ ಆತನಿಗೆ ಹುಡುಗನಾಗಿದ್ದಾಗ ಬಿಳಿಯರ ಟೆನ್ನಿಸ್ ಅಂಗಳದೊಳಗೆ ಕಾಲಿಡಲು ಬಿಟ್ಟಿರಲಿಲ್ಲ. ಪ್ರತಿಮೆಯ ಒಂದು ಕೈಯಲ್ಲಿ ರ‍್ಯಾಕೆಟ್ ಇದೆ, ಇನ್ನೊಂದರಲ್ಲಿ ಪುಸ್ತಕಗಳು. ಸುತ್ತ ಮಕ್ಕಳಿದ್ದಾರೆ.